ಅವ್ವ ಬಂದಾಳ

ಬಟ್ಟಲು ಮತ್ತೆ ಖಾಲಿಯಾಗಿತ್ತು.

ಗೌರವ್ವ ಅದನ್ನೆತ್ತಿಕೊಂಡು ಮಾಯವ್ವನ ಹೊಸ್ತಿಲ ಮುಂದೆಯೇ ನಿಂತಳು. ನಿನ್ನೆ ತಾನೇ ತಂದಿಟ್ಟ ಮೊಸರನ್ನ. ಒಂದಗುಳೂ ಉಳಿದಿರಲಿಲ್ಲ. ಮಾಯವ್ವನ ಮಗಳು ಸೀತವ್ವ ಮೊಸರು ಕಂಡರೆ ಮುಖ ತಿರುಗಿಸುವ ಕೂಸು. ಅದು ಗೌರವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಕ್ಕಳಿಲ್ಲದ ಅವಳ ಅಡುಗೆಮನೆಗೆ ದಿನಾ ಮುಂಜಾನೆ "ಗೌರಾಯೀ, ಬೆಲ್ಲಾ!" ಎಂದು ಕೂಗುತ್ತ ನುಗ್ಗುತ್ತಿದ್ದುದು ಪಕ್ಕದ ಮನೆಯ ಆ ಕೂಸೊಂದೇ.

ಈಗ ಆ ಕೂಗಿಲ್ಲ. ಅಳುವೂ ಇಲ್ಲ.

ಮಾಳಪ್ಪ ನಸುಕಿನಲ್ಲಿ ಕುರಿ ಹೊಡೆದುಕೊಂಡು ಘೋಡಗೇರಿ ಕಡೆ ಹೋದ ದಿನವೇ ಅವನ ಹೆಂಡತಿ ಮಾಯವ್ವ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ್ದಳು. "ಮನಿಗೆ ಅವ್ವ ಬಂದಾಳ" ಅಂದಿದ್ದಳು, ಅಷ್ಟೇ. ತುಕ್ಕಾನಟ್ಟಿಯಲ್ಲಿ ಸಿಡುಬಿನ ಹೆಸರನ್ನು ಬಾಯಿಬಿಟ್ಟು ಹೇಳುವವರಿರಲಿಲ್ಲ. ಅವ್ವ ಮುನಿಯಬಾರದೆಂದು ಓಣಿಯೆಲ್ಲ ಒಗ್ಗರಣೆ ಬಿಟ್ಟಿತು. ಆ ಬಾಗಿಲ ಹತ್ತಿರ ಯಾರೂ ಸುಳಿಯಲಿಲ್ಲ.

"ದೇವಿ ಚುಚ್ಚಾಂವ ಸೂಜಿ ಹಿಡಕೊಂಡು ಬಂದಾಗ ಕೂಸಿನ್ನ ಬಣವಿ ಹಿಂದ ಮುಚ್ಚಿಟ್ಟಿದ್ಲು ಮಹಾರಾಣಿ. ಈಗ ಅನುಭವಿಸ್ಲಿ," ಎಂದು ಎದುರುಮನೆಯ ಸುಂದ್ರವ್ವ ಮೂಗು ಮುರಿದಳು.

"ನಿನ್ನ ನಾಲಿಗಿಗೂ ಒಂದು ಚುಚ್ಚಿಸ್ಕೊ," ಅಂದಳು ಗೌರವ್ವ.

ಆದರೆ ಅವಳ ಎದೆಯೂ ಗಟ್ಟಿಯಿರಲಿಲ್ಲ. ಹಸಿಬೇವಿನ ವಾಸನೆಯ ಕೆಳಗೆ ಇನ್ನೊಂದು ವಾಸನೆಯಿತ್ತು. ಕೊಳೆತ ಮಾಂಸದ್ದು. ಬಾಗಿಲ ಸಂದಿಯಲ್ಲಿ ನೊಣಗಳು.

"ಮಾಯವ್ವಾ, ಹ್ಯಾಂಗೈತಿ?"

ಬಾಗಿಲು ಬೆರಳಷ್ಟು ತೆರೆಯಿತು. "ಅವ್ವ ಇನ್ನೂ ಹೋಗಿಲ್ಲ."

"ಕೂಸಿಂದು ಸಪ್ಪಳನ ಇಲ್ಲಲ್ಲ?"

"ಅವ್ವ ಇರೂತನಕ ಈ ಮನ್ಯಾಗ ಯಾರೂ ಅಳೂದಿಲ್ಲ ಅಕ್ಕಾ."

"ಒಮ್ಮಿ ಮಾರಿ ನೋಡ್ತೀನವಾ. ಕಾಲಿಗೆ ಬೀಳ್ತೀನಿ."

"ಬ್ಯಾಡ. ನೋಡಿದ್ರ ನೀ ತಡಕೊಳ್ಳೂದಿಲ್ಲ."

ಬಾಗಿಲು ಮುಚ್ಚಿತು. ಸುಗ್ಗಿಯಿಂದಲೂ ಮಾಯವ್ವನ ಮಾತು ಹೀಗೇ, ತಣ್ಣಗೆ. ಆಕೆಯ ತವರಿನಿಂದ ಬಂದ ಮುದುಕಿಯೊಬ್ಬಳು, ಮಹಾರೋಗದಾಕೆ, ಊರ ಬಾವಿಯ ಹಗ್ಗ ಮುಟ್ಟಿದ್ದಳು. ಅವಳನ್ನು ಊರಾಚೆ ಅಟ್ಟುವಾಗ ಮೊದಲ ಕಲ್ಲು ಎತ್ತಿದವಳು ಗೌರವ್ವ. ಊರು ಉಳಿಯಬೇಕಲ್ಲ. ಆದರೆ ಆ ಸಿಟ್ಟಿಗೆ ಸತ್ತ ಕೂಸನ್ನು ಮುಚ್ಚಿಟ್ಟುಕೊಂಡು ಅದರ ಪಾಲಿನ ಅನ್ನ ಉಣ್ಣುವಷ್ಟು ತಲೆ ಕೆಟ್ಟೀತೇ?

ಗೌರವ್ವ ಹೊಸ್ತಿಲ ಮೇಲೆ ಹಣೆ ಊರಿದಳು. "ತಾಯೀ, ತಪ್ಪಾಗೇತಿ. ಏನಿದ್ರೂ ನನಗ ಮಾಡು. ತಣ್ಣಗಿರು, ತಣ್ಣಗ ಹೋಗು."

ಒಳಗೆ ಯಾರೋ ಸಣ್ಣಗೆ ಕೆಮ್ಮಿದಂತಾಯಿತು.

ಎರಡು ದಿನ ಕಳೆದ ಮೇಲೆ ಮುಂಜಾನೆ ಬಾಗಿಲು ಹಾರುಹೊಡೆದಿತ್ತು. ಮಾಯವ್ವ ತಲೆ ಕೆದರಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಕಣ್ಣು ಒಣಗಿದ್ದವು.

"ಅವ್ವ ಹೋದ್ಲು," ಅಂದಳು.

ಓಣಿಯ ಹೆಂಗಸರು ಅರಿಸಿನ ನೀರು, ಉಡಿಯಕ್ಕಿ ಹಿಡಿದು ಬಂದರು. ಹೋಗುವ ಅವ್ವನನ್ನು ನಗುತ್ತಲೇ ಕಳಿಸಬೇಕು. ಅತ್ತರೆ ಮುನಿದು ತಿರುಗಿ ಬರುತ್ತಾಳೆ.

"ಕೂಸು?" ಗೌರವ್ವ ಎಲ್ಲರನ್ನೂ ಸರಿಸಿ ಮುಂದೆ ಬಂದಳು.

"ಘೋಡಗೇರಿಗೆ ಹೇಳಿ ಕಳಿಸೇನಿ. ಅವರಪ್ಪ ಬರ್ಲಿ. ಆಮ್ಯಾಲೆ ಮಣ್ಣು."

ಗೌರವ್ವ ಅವಳನ್ನು ದಾಟಿ ಒಳಗೆ ಓಡಿದಳು. ಮೂಲೆಯಲ್ಲಿ ಕಂಬಳಿ. ಕಂಬಳಿಯ ಕೆಳಗೆ ಮುದುಡಿದ ಪುಟ್ಟ ಆಕಾರ. ಮೇಲೆ ಬೇವು. ಆಕೆ ಆ ಪಾದಗಳ ಮೇಲೆ ಹಣೆಯಿಟ್ಟು, ರೀತಿ ರಿವಾಜು ಎಲ್ಲ ಮರೆತು, ಬೋರ್ಯಾಡಿ ಅತ್ತಳು. "ನನ್ನ ಬಂಗಾರಾ, ಬೆಲ್ಲ ಯಾರಿಗೆ ಕೊಡ್ಲಿ ಇನ್ನ?"

"ನನಗ ಕೊಡು, ಗೌರಾಯೀ!"

ಗೌರವ್ವ ಗಕ್ಕನೆ ತಿರುಗಿದಳು. ಬಾಗಿಲಲ್ಲಿ ಮಾಳಪ್ಪ. ಅವನ ಹೆಗಲ ಮೇಲೆ, ಮೈಯಲ್ಲಿ ಒಂದು ಗುಳ್ಳೆಯೂ ಇಲ್ಲದ ಸೀತವ್ವ, ಕೈಯಲ್ಲಿ ಕುರಿ ಹೊಡೆಯುವ ಕೋಲು.

ಗೌರವ್ವನ ಕೈ ತಾಗಿ ಕಂಬಳಿ ಜಾರಿತ್ತು. ಹೊರಗೆ ಬಿದ್ದ ಮುದಿ ಕೈಯಲ್ಲಿ ಬೆರಳುಗಳಿರಲಿಲ್ಲ.

"ಅವ್ವ ಬಂದಾಳ ಅಂತ ಖರೇನ ಹೇಳಿದ್ನೆಕ್ಕಾ," ಅಂದಳು ಹೊಸ್ತಿಲಿಂದ ಮಾಯವ್ವ. "ಯಾರ ಅವ್ವ ಅಂತ ನೀ ಕೇಳಲಿಲ್ಲ."