ಸ್ಪ್ಲಿಟ್ ಯಾರಿಗೆ ಬೇಕು?

ಬಗ್ ಸಿಕ್ಕಿತು. ಖುಷಿಗೆ ಕೂಗಲು ಹೋದ ವನಜಾ ಗಪ್ಪನೆ ಬಾಯಿ ಮುಚ್ಚಿಕೊಂಡಳು. ಅದನ್ನು ಹುಡುಕುವ ಕೆಲಸ ಅವಳದ್ದಾಗಿರಲಿಲ್ಲ, ಪಕ್ಕದ ಸೀಟಿನ ದಿವ್ಯಾಳದು.

ಪೀಣ್ಯದ ಆ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳ ಪ್ರೋಗ್ರಾಮುಗಳನ್ನೆಲ್ಲ ಇವತ್ತಿಗೂ ಓಬೀರಾಯನ ಕಾಲದ ಒಂದು ಎಡಿಟರ್ ಸಾಫ್ಟ್‌ವೇರಿನಲ್ಲೇ ಟೈಪು ಮಾಡುವುದು. ಅದರ ವಿಂಡೋವನ್ನು ಮೇಲೆ ಕೆಳಗೆ ಎರಡಾಗಿ ಸ್ಪ್ಲಿಟ್ ಮಾಡಿ, ಕೆಳಗೆ ಟೈಪಿಸಿದರೆ ಮೇಲಿನ ಫೈಲಿನ ಸಾಲು ಅಳಿಸಿಹೋಗುತ್ತಿತ್ತು. ಮ್ಯಾನೇಜರ್ ಶ್ರೀಧರ್ ಈ ಬಗ್ ಹುಡುಕಿ ಸರಿಮಾಡುವುದನ್ನು ದಿವ್ಯಾಳಿಗೆ ಒಪ್ಪಿಸಿದ್ದರು. "ಇದೊಂದು ಸರಿ ಮಾಡು, ಟೀಮ್ ಲೀಡ್ ನೀನೇ" ಅಂತ ಬೇರೆ ಹೇಳಿದ್ದರು.

ನಿನ್ನೆ ಮೊನ್ನೆ ಬಂದವಳು! ಆ ಎಡಿಟರಿನ ಕೋಡಿನಲ್ಲೇ ಕೂದಲು ನರೆಸಿಕೊಂಡ ವನಜಾ ಇವರ ಕಣ್ಣಿಗೆ ಬೀಳಲೇ ಇಲ್ಲವೇ? ಹೊಟ್ಟೆ ಉರಿಯಿತು, ಚೆನ್ನಾಗಿಯೇ ಉರಿಯಿತು. ಕದ್ದುಮುಚ್ಚಿ ತಾನೂ ಹುಡುಕತೊಡಗಿದಳು. ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಓಡಿಸಿ ನೋಡುತ್ತ, ಎಲ್ಲಿಂದ ಕೆಟ್ಟಿತೆಂದು ಹಿಂದೆ ಹಿಂದೆ ಹೋಗಿ, ಕೊನೆಗೆ ಕೋಡಿನಲ್ಲಿ ತಪ್ಪಿದ್ದ ಸಾಲನ್ನೇ ಹಿಡಿದಳು. ಸರಿಮಾಡಿ ತನ್ನ ಕಂಪ್ಯೂಟರಿನಲ್ಲೇ ಅಡಗಿಸಿಟ್ಟಳು. ಸಂಜೆಯ ಮೀಟಿಂಗಿನಲ್ಲಿ ದಿವ್ಯಾ ಕೈಚೆಲ್ಲಬೇಕು, ಆಗ ತಾನು ಎದ್ದು ತೋರಿಸಬೇಕು. ಲೀಡ್ ಯಾರೆಂದು ಆಮೇಲೆ ಹೇಳಲಿ ಶ್ರೀಧರ್!

ಊಟದ ಹೊತ್ತಿಗೆ ದಿವ್ಯಾ ಡಬ್ಬಿ ಹಿಡಿದು ಬಂದಳು. ಮುಖ ಬಾಡಿತ್ತು.

"ವನಜಕ್ಕಾ, ತಲೆ ಕೆಟ್ಟೋಗಿದೆ. ಆ ಬಗ್ ಬಗ್ಗೆ ನಿಮಗೇನಾದ್ರೂ ಹೊಳೀತಾ?"

"ನಾನದನ್ನ ಮುಟ್ಟೇ ಇಲ್ವಲ್ಲಮ್ಮ."

"ಹೌದಾ? ನೀವು ಸ್ಪ್ಲಿಟ್ ಮಾಡ್ಕೊಂಡೇ ಕೆಲ್ಸ ಮಾಡ್ತೀರಾ ಅನ್ಕೊಂಡಿದ್ದೆ."

ಗುಟ್ಟು ರಟ್ಟಾಯಿತೇನೋ ಎಂದು ವನಜಾ ತಟ್ಟನೆ ತನ್ನ ಡಬ್ಬಿ ಎಳೆದುಕೊಂಡಳು. "ಅಯ್ಯೋ, ನಾನ್ಯಾಕೆ ಅದನ್ನ ಬಳಸ್ಲಿ? ಈಗಿನ ಕಾಲ್ದಲ್ಲಿ ಸ್ಪ್ಲಿಟ್ ಯಾರಿಗೆ ಬೇಕು ಹೇಳು?" ಎಂದು ಅನ್ನ ಕಲಸತೊಡಗಿದಳು. ದಿವ್ಯಾ ಯೋಚಿಸುತ್ತ ನಿಂತವಳು, ಡಬ್ಬಿ ತೆರೆಯದೆಯೇ ಯಂತ್ರಗಳ ಕಡೆ ಹೊರಟುಹೋದಳು.

"ಏನಾಯ್ತಮ್ಮ ದಿವ್ಯಾ?" ಎಂದು ಶ್ರೀಧರ್ ಮೀಟಿಂಗಿನಲ್ಲಿ ಕೇಳಿದಾಗ ವನಜಾ ಕುರ್ಚಿಯ ತುದಿಗೆ ಬಂದಿದ್ದಳು.

"ಬಗ್ ಸಿಗ್ಲಿಲ್ಲ ಸಾರ್."

ವನಜಾಳಿಗೆ ಪಾಯಸ ಕುಡಿದ ಹಾಗಾಯಿತು.

"ಆದ್ರೆ ಎಲ್ರನ್ನೂ ಕೇಳ್ಕೊಂಡು ಬಂದೆ. ಎಲ್ರೂ ಎರಡೆರಡು ವಿಂಡೋ ತೆಗೀತಾರೆ, ಸ್ಪ್ಲಿಟ್ ಯಾರೂ ಬಳಸಲ್ಲ. ಅದಕ್ಕೇ ಎಡಿಟರಿಂದ ಸ್ಪ್ಲಿಟ್ಟನ್ನೇ ಕಿತ್ತಾಕ್ಬಿಟ್ಟೆ. ಇನ್ಮೇಲೆ ಒಂದು ಸಾಲೂ ಅಳಿಸಲ್ಲ."

ಶ್ರೀಧರ್ ಮೇಜು ಕುಟ್ಟಿ ನಕ್ಕರು. "ಸಕ್ಕತ್! ಲೀಡ್ ನೀನೇ ಕಣಮ್ಮ. ಇಷ್ಟು ವರ್ಷ ಯಾರಿಗೂ ಹೊಳೀಲಿಲ್ವಲ್ಲ ಇದು!"

ವನಜಾ ಬಾಯಿ ತೆರೆದಳು. ಏನನ್ನುವುದು? ಸರಿಮಾಡಿದ್ದು ನನ್ನ ಹತ್ತಿರ ಇದೆ ಎಂದರೆ, ಮಧ್ಯಾಹ್ನ ಮುಟ್ಟೇ ಇಲ್ಲ ಎಂದದ್ದು ಏನಾಗಬೇಕು? ಅಳಿಸಿದ ಸಾಲನ್ನು ಮತ್ತೆ ಟೈಪಿಸಿಕೊಂಡಾದರೂ ದಿನವಿಡೀ ಸ್ಪ್ಲಿಟ್ ಇಟ್ಟುಕೊಂಡೇ ಕೆಲಸ ಮಾಡುವವಳು ನಾನು ಎನ್ನಲು ಈಗ ಯಾವ ಬಾಯಿ?

"ಸಕ್ಕತ್ ಅಂತ ನಂಗಲ್ಲ ಸಾರ್, ವನಜಕ್ಕನಿಗೆ ಹೇಳಿ," ಎಂದಳು ದಿವ್ಯಾ, ಕಣ್ಣು ತುಂಬಿಕೊಂಡು. "ಯಾರಿಗೆ ಬೇಕು ಅಂತ ಅವ್ರು ಅನ್ನದೇ ಇದ್ದಿದ್ರೆ ತೆಗೆಯೋ ಧೈರ್ಯ ನಂಗೆ ಬರ್ತಿರ್ಲಿಲ್ಲ."

ಎಲ್ಲರೂ ವನಜಾಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಬೇಕಾಯಿತು.