ಬದುಕಿದ್ದವನಿಗೆ ಎಳ್ಳುನೀರು

ಮಾಘದ ಚಳಿ. ಬಿಸಿಲು ಇನ್ನೂ ಹೊಸಿಲು ಮುಟ್ಟದ ಹೊತ್ತಿಗೆ ಧರ್ಮರಕ್ಷಣಾ ಸಮಿತಿಯವರು ನೇಕಾರ ಚೌಡಪ್ಪನ ಜಗಲಿಗೆ ಬಂದು ಕೂತರು. ಹಿಂದಿನ ದಿನ ಅವನ ಮಗ ಶಶಿಧರ ಟಿ.ವಿ. ಚರ್ಚೆಯಲ್ಲಿ, "ನಾನೊಬ್ಬ ಗಂಡಸಿನ ಜೊತೆ ಸಂಸಾರ ಮಾಡ್ತಿದ್ದೀನಿ, ನಮಗೂ ಮದುವೆಯ ಹಕ್ಕು ಕೊಡಿ" ಅಂದದ್ದನ್ನು ಊರೆಲ್ಲ ನೋಡಿತ್ತು.

"ಚೌಡಪ್ಪಣ್ಣ, ಮಗ ನನ್ನ ಪಾಲಿಗೆ ಸತ್ತ ಅಂತ ಹತ್ತು ಜನರ ಮುಂದೆ ಹೊಳೆಯಲ್ಲಿ ಎಳ್ಳುನೀರು ಬಿಟ್ಟುಬಿಡು," ಅಂದ ಅಧ್ಯಕ್ಷ. "ಇಲ್ಲಾಂದ್ರೆ ನೀನು ಕುಲದಿಂದ ಹೊರಗೆ. ನಿನ್ನ ಹೆಣಕ್ಕೂ ಹೆಗಲು ಕೊಡೋರು ಇರೋದಿಲ್ಲ."

ನೂಲು ಸುತ್ತುತ್ತಿದ್ದ ಚೌಡಪ್ಪ ರಾಟೆ ನಿಲ್ಲಿಸಿದ. "ಆಯ್ತು, ಬಿಡ್ತೀನಿ. ಪುರೋಹಿತರನ್ನ ಕರೆಸಿ."

"ಫೋಟೋದವರೂ ಬರ್ತಾರೆ. ಊರೂರಿಗೂ ಪಾಠ ಆಗಬೇಕು."

"ಬರಲಿ. ನೋಡೋ ಜನ ಎಷ್ಟಿದ್ದರೆ ಅಷ್ಟು ಒಳ್ಳೇದು."

ಅಮಾವಾಸ್ಯೆ ಸೋಮವಾರ ಬಂತು. ಹೊಳೆದಂಡೆ ತುಂಬ ಜನ. ಚೌಡಪ್ಪ ಮುಳುಗಿ ಎದ್ದು, ಸೊಂಟದಷ್ಟು ನೀರಲ್ಲಿ ನಿಂತು ಅಂಗೈ ಚಾಚಿದ. ಪುರೋಹಿತರು ಅದಕ್ಕೆ ಎಳ್ಳು ಹಾಕಿ, "ಸತ್ತವರ ಹೆಸರು ಹೇಳಪ್ಪ," ಅಂದರು.

"ಚೌಡಪ್ಪ."

"ನಿನ್ನ ಹೆಸರಲ್ಲಯ್ಯ, ಮಗನ ಹೆಸರು!" ಅಧ್ಯಕ್ಷ ದಂಡೆಯಿಂದ ಕೂಗಿದ.

"ಬದುಕಿರೋ ಮಗನಿಗೆ ಬಿಡಬಹುದಾದರೆ ಬದುಕಿರೋ ನನಗ್ಯಾಕೆ ಬಿಟ್ಕೋಬಾರದು? ನಿಮ್ಮ ಪಾಲಿಗೆ ನಾನು ಸತ್ತೆ. ಇನ್ನು ಕುಲದಿಂದ ಯಾರನ್ನ ಹೊರಗೆ ಹಾಕ್ತೀರಿ?"

ಎಳ್ಳುನೀರು ಬಿಟ್ಟು ದಂಡೆ ಹತ್ತಿದ ಚೌಡಪ್ಪ, ಆ ಸೋಮವಾರವೇ ಒದ್ದೆ ಪಂಚೆಯಲ್ಲಿ ಮಗನ ಊರಿನ ಬಸ್ಸು ಹತ್ತಿ ಹೋದ.