ಈರಮ್ಮ ಕೊಟ್ಟ ಎಡೆ ಹೋಳಿಗೆ

ಹೋಳಿಗೆಯ ಏಲಕ್ಕಿ ವಾಸನೆ ಬಂದರೆ ಈಗಲೂ ಐವತ್ತರ ದಶಕದ ಕೌತಾಳಂನ ಆ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ. ಪಕ್ಕದ ಮನೆಯ ಈರಮ್ಮ ಊರಮ್ಮನಿಗೆ ಎಡೆ ಇಟ್ಟ ಹೋಳಿಗೆ ಕೊಟ್ಟು ಹೋಗಿದ್ದಳು. ಅಂಚಿನಲ್ಲಿ ಒಸರಿದ ಬೆಲ್ಲ ಬೆರಳಿಗೆ ಅಂಟುತ್ತಿತ್ತು. ಪ್ರಾರ್ಥನೆಗೆಂದು ಆದವಾನಿಯಿಂದ ನಮ್ಮ ಮನೆಗೆ ಬಂದಿದ್ದ ಪಾದ್ರಿ ನನ್ನ ಕೈ ತಡೆದರು.

“ತಿನಬಾರ್ದಮ್ಮಾ, ವಿಗ್ರಹಕ್ಕ ಇಟ್ಟದ್ದು ಅದು.”

“ನನಗ ಜ್ವರ ಬಂದಾಗ ಗಂಜಿ ಕುಡಿಸಿದ ಕೈ ಮಾಡಿದ್ದು, ಅಯ್ಯಗಾರೂ,” ಎಂದಳು ಪಕ್ಕದಲ್ಲೇ ಕೂತಿದ್ದ ನನ್ನ ಅಜ್ಜಿ. ಹೋಳಿಗೆಯನ್ನು ತಟ್ಟೆಗಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು, ಗಟ್ಟಿಯಾಗಿ ಊಟದ ಪ್ರಾರ್ಥನೆ ಹೇಳಿದಳು. ಮುಗಿಯುತ್ತಲೇ ಪಾದ್ರಿಯ ಬಾಯಿಂದ, ರೂಢಿಯಂತೆ, “ಆಮೆನ್” ಬಂದುಬಿಟ್ಟಿತು.

ಅಜ್ಜಿ ಕಣ್ಣು ತೆರೆದು, ಹೋಳಿಗೆ ಮುರಿದು, ದೊಡ್ಡ ತುಂಡನ್ನು ನನ್ನ ಕೈಗಿಟ್ಟಳು. ಉಳಿದದ್ದನ್ನು ತಟ್ಟೆಸಮೇತ ಅವರ ಮುಂದೆ ಸರಿಸಿದಳು.

“ಆಮೆನ್ ಅಂದ್ರಲ್ಲ. ಇನ್ನ ನೀವೂ ತಿನ್ರಿ.”